ಗೋದಲಿಯೊಳಗೆ ಎರಡು ಕಥೆ



ಫೆಬ್ರವರಿ ಬಂತೆಂದರೆ ನಾಶಿಕ್ ರೋಡ್‌ನ ಬಾಲಯೇಸು ಪುಣ್ಯಕ್ಷೇತ್ರದ ಹಬ್ಬಕ್ಕೆ ಊರೂರುಗಳಿಂದ ಜನ ಬರುತ್ತಾರೆ. ಬೆಂಗಳೂರಿನ ವಿವೇಕನಗರದ ಬಾಲಯೇಸುವೂ ನಮ್ಮಲ್ಲಿ ಅನೇಕರಿಗೆ ಪರಿಚಿತ. ಆದರೆ ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಆತನ ಜನನದ ಕಥೆ ಇರುವುದು ಎರಡರಲ್ಲಿ ಮಾತ್ರ!

ಮತ್ತಾಯನಲ್ಲಿ ನಕ್ಷತ್ರ, ಮೂಡಣದ ಜ್ಞಾನಿಗಳು, ಹೆರೋದನ ಕ್ರೌರ್ಯ, ಈಜಿಪ್ಟಿಗೆ ಪಲಾಯನ ಇವೆ. ಲೂಕನಲ್ಲಿ ಜನಗಣತಿ, ದನದ ಮೇವಿನ ತೊಟ್ಟಿ, ಕುರುಬರು ಇದ್ದಾರೆ. ಮಾರ್ಕ ಮತ್ತು ಯೋಹಾನ ಈ ಕಥೆಯನ್ನೇ ಎತ್ತುವುದಿಲ್ಲ. ಕುರುಬರನ್ನೂ ಜ್ಞಾನಿಗಳನ್ನೂ ಒಂದೇ ಗೋದಲಿಯಲ್ಲಿ ನಿಲ್ಲಿಸಿದವರು ನಾವು.

ಇಲ್ಲಿ ಇಷ್ಟು ಬೇರೆಯಾದ ಮತ್ತಾಯ, ಲೂಕರು ಮುಂದೆ ಮಾರ್ಕನೊಂದಿಗೆ ಅಚ್ಚರಿಯಾಗುವಷ್ಟು ಹೊಂದುತ್ತಾರೆ. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟರ ವಿಷಯ ಮತ್ತಾಯನಲ್ಲಿದೆ. ಅರ್ಧಕ್ಕಿಂತ ಹೆಚ್ಚು ಲೂಕನಲ್ಲಿದೆ. ಎಷ್ಟೋ ಕಡೆ ಗ್ರೀಕ್ ಪದಗಳೂ ಅವೇ. ಒಂದು ಪ್ರಸಂಗದಲ್ಲಂತೂ ಯೇಸುವಿನ ಮಾತಿನ ನಡುವೆಯೇ ಓದುಗನಿಗೊಂದು ಕಿವಿಮಾತು ಬರುತ್ತದೆ. ಗಮನಿಸಿ, ಕೇಳುಗನಿಗಲ್ಲ, ಓದುಗನಿಗೆ. ಮಾರ್ಕ, ಮತ್ತಾಯ ಇಬ್ಬರಲ್ಲೂ ಅದು ಅದೇ ಜಾಗದಲ್ಲಿದೆ. ಬರೀ ಬಾಯಿಮಾತಿನಿಂದ ಹೀಗಾಗುವುದು ಕಷ್ಟ. ಒಬ್ಬರ ಬರಹ ಇನ್ನೊಬ್ಬರ ಮುಂದಿದ್ದಿರಬೇಕು.

ಕ್ರಿ.ಶ. 70ರ ಆಸುಪಾಸಿನ ಮಾರ್ಕನದೇ ಮೊದಲ ಸುವಾರ್ತೆ, ಉಳಿದಿಬ್ಬರು ಅದನ್ನು ಬಳಸಿಕೊಂಡರು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಾರ್ಕನಲ್ಲಿಲ್ಲದ 200ಕ್ಕೂ ಹೆಚ್ಚು ವಚನಗಳು ಮತ್ತಾಯ, ಲೂಕ ಇಬ್ಬರಲ್ಲೂ ಇವೆ. ಇವಕ್ಕೆ ಕಳೆದುಹೋದ ಇನ್ನೊಂದು ಸಂಗ್ರಹ ಆಧಾರವೆಂದು ಊಹಿಸಿ ಅದನ್ನು 'ಕ್ಯೂ' ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ 'ಮೂಲ' ಎಂಬರ್ಥದ ಪದದ ಮೊದಲಕ್ಷರವದು. ಅದರ ಒಂದು ಪ್ರತಿಯೂ ಸಿಕ್ಕಿಲ್ಲ. ಲೂಕ ಮತ್ತಾಯನನ್ನೇ ಓದಿದ್ದ, 'ಕ್ಯೂ' ಬೇಕಾಗಿಲ್ಲ ಎನ್ನುವವರೂ ಇದ್ದಾರೆ.

ಹಾಗಾದರೆ ಇದು ನಕಲೇ? ಆ ಕಾಲದಲ್ಲಿ ಹಿಂದಿನವರ ಬರಹವನ್ನು ಎತ್ತಿಕೊಂಡು ತನ್ನ ಜನರಿಗಾಗಿ ಮರಳಿ ಹೇಳುವುದು ಕಳ್ಳತನವಾಗಿರಲಿಲ್ಲ. ತನಗಿಂತ ಮೊದಲೇ ಹಲವರು ಬರೆದಿದ್ದಾರೆಂದು ಲೂಕನೇ ಆರಂಭದಲ್ಲಿ ಹೇಳಿಕೊಳ್ಳುತ್ತಾನೆ.

ಪಾಠ ಬೇರೆ ಬೇರೆಯಾದಾಗ ಏನು ಮಾಡಬೇಕು? ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಸಂತ ಏಕನಾಥರು 1584ರಲ್ಲಿ ಜ್ಞಾನೇಶ್ವರಿಯ ಪಾಠವನ್ನು ಪರಿಷ್ಕರಿಸಿ ಶುದ್ಧ ಪ್ರತಿ ಸಿದ್ಧಪಡಿಸಿದರು. ಅಲ್ಲಿದ್ದದ್ದು ಒಬ್ಬನೇ ಕವಿಯ ಒಂದೇ ಗ್ರಂಥ. ಇಲ್ಲಿ ಬರೆದವರೇ ಬೇರೆ ಬೇರೆ. ಎರಡನೆಯ ಶತಮಾನದಲ್ಲಿ ತಾತಿಯಾನನೆಂಬವನು ನಾಲ್ಕನ್ನೂ ಹೆಣೆದು ಒಂದೇ ಕಥೆ ಮಾಡಿದ. ಸಿರಿಯಾದ ಸಭೆಗಳು ಅದನ್ನು ಬಹುಕಾಲ ಓದಿದವು. ಐದನೆಯ ಶತಮಾನದಲ್ಲಿ ಅದನ್ನು ಬಿಟ್ಟು ನಾಲ್ಕು ಸುವಾರ್ತೆಗಳಿಗೇ ಮರಳಿದವು.

ಒಂದಾಗಿಸಿದರೆ ಕಥೆ ಸಲೀಸಾಗುತ್ತದೆ, ಆದರೆ ಹೇಳಿದವರ ದನಿ ಅಳಿಸಿಹೋಗುತ್ತದೆ. ಈ ಸಲ ಗೋದಲಿ ನೋಡುವಾಗ ಕುರುಬರು ಯಾರ ಕಥೆಯವರು, ಜ್ಞಾನಿಗಳು ಯಾರ ಕಥೆಯವರು ಎಂದು ಮಕ್ಕಳನ್ನು ಕೇಳಿ ನೋಡಿ.