'ಯೆಸ್' ಅಂದರೆ ಹೌದೋ, ಇಲ್ಲವೋ?

"ಇಂಗ್ಲಿಷಿನಲ್ಲಿ ಬರೀ ಯೆಸ್, ನೋ ಅನ್ನಬೇಡಿ, ಪೂರ್ತಿ ವಾಕ್ಯದಲ್ಲೇ ಉತ್ತರಿಸಿ." ಇಂಗ್ಲಿಷ್ ಕಲಿಸುವ ಫಾರ್ವರ್ಡ್‌ಗಳಲ್ಲಿ ಆಗಾಗ ಕಾಣುವ ಸಲಹೆ ಇದು. ನಿಜವೇ? ಅರ್ಧ ಮಾತ್ರ. ಚುಟುಕು ಉತ್ತರ ವ್ಯಾಕರಣದ ತಪ್ಪಲ್ಲ. ಆದರೆ ಅದಕ್ಕೊಂದು ಬಾಲ ಬೇಕು.

ಹಂಪಿಯ ಆಟೊ ಚಾಲಕರೊಬ್ಬರನ್ನು "ಕಮಲಾಪುರಕ್ಕೆ ಬರ್ತೀರಾ?" ಎಂದು ಕೇಳಿದರೆ "ಬರ್ತೀನಿ" ಅನ್ನುತ್ತಾರೆ. 'ಹೌದು' ಬೇಕೇ ಇಲ್ಲ. ಕನ್ನಡದಲ್ಲಿ ನಾವು ಕ್ರಿಯಾಪದವನ್ನೇ ಮರಳಿಸುತ್ತೇವೆ. ಇಂಗ್ಲಿಷ್ ಮರಳಿಸುವುದು ಪ್ರಶ್ನೆಯ ಮೊದಲ ಪದವನ್ನು. "ಡು ಯು ಗೋ ಟು ಕಮಲಾಪುರ?" ಅಂದರೆ "ಯೆಸ್, ಐ ಡು". "ಈಸ್ ಇಟ್ ಓಪನ್?" ಅಂದರೆ "ಯೆಸ್, ಇಟ್ ಈಸ್". "ಆರ್ ಯು ಎ ಗೈಡ್?" ಅಂದಾಗ ಮಾತ್ರ 'ಆರ್' ಬದಲಾಗಿ "ಯೆಸ್, ಐ ಆಮ್" ಆಗುತ್ತದೆ. ಇಲ್ಲಿ "ಯೆಸ್, ಐಮ್" ಎಂದು ಮೊಟಕು ಮಾಡುವಂತಿಲ್ಲ. "ನೋ, ಐಮ್ ನಾಟ್" ಸರಿ.

ಇಷ್ಟರಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. "ಯೆಸ್, ಐ ಗೋ" ಅಂದರೂ ಪ್ರವಾಸಿಗರು ಆಟೊ ಹತ್ತುತ್ತಾರೆ. ನಿಜವಾದ ತೊಡಕು ಇರುವುದು 'ಇಲ್ವಾ?' ಎಂದು ಕೇಳುವ ಪ್ರಶ್ನೆಗಳಲ್ಲಿ.

ಸಂಡೂರು ತಾಲ್ಲೂಕಿನ ಗಣಿಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತಮುತ್ತ ಬೇರೆ ಬೇರೆ ರಾಜ್ಯದವರು ಒಟ್ಟಿಗೆ ದುಡಿಯುತ್ತಾರೆ. ಅಂಥ ಒಂದು ಜಾಗದಲ್ಲಿ ಹೊರಗಿನಿಂದ ಬಂದ ಎಂಜಿನಿಯರ್ ಕೇಳಿದರು ಎನ್ನಿ: "ಹ್ಯಾವಂಟ್ ಯು ಸ್ವಿಚ್ಡ್ ಇಟ್ ಆಫ್?" ಯಂತ್ರ ಇನ್ನೂ ಆನ್ ಇದೆ. ನಮ್ಮ ಹುಡುಗ "ಯೆಸ್" ಅನ್ನುತ್ತಾನೆ. ಅವನ ಮನಸ್ಸಿನಲ್ಲಿರುವುದು "ಹೌದು ಸಾರ್, ಆಫ್ ಮಾಡಿಲ್ಲ". ಇಂಗ್ಲಿಷಿನ ರೂಢಿಯಲ್ಲಿ ಅದರ ಅರ್ಥ "ಆಫ್ ಮಾಡಿದ್ದೇನೆ". ಎಂಜಿನಿಯರ್ ಮುಚ್ಚಳ ತೆಗೆಯಲು ಕೈ ಹಾಕುತ್ತಾರೆ.

ಹುಡುಗನದು ದಡ್ಡತನವಲ್ಲ. ಕನ್ನಡದ 'ಹೌದು' ಕೇಳಿದವರ ಮಾತನ್ನು ಒಪ್ಪುತ್ತದೆ. ಜಪಾನಿ ಭಾಷೆಯಲ್ಲೂ ಹಾಗೆಯೇ. ಇಂಗ್ಲಿಷಿನ 'ಯೆಸ್' ಕೆಲಸ ಆಗಿದೆ ಎನ್ನುತ್ತದೆ, 'ನೋ' ಆಗಿಲ್ಲ ಎನ್ನುತ್ತದೆ. ಪ್ರಶ್ನೆ ಹೇಗೇ ಇರಲಿ. ಫ್ರೆಂಚರು, ಜರ್ಮನರು ಈ ಗೊಂದಲಕ್ಕೆಂದೇ ಮೂರನೆಯ ಪದ ಇಟ್ಟುಕೊಂಡಿದ್ದಾರೆ: 'ಸಿ' ಮತ್ತು 'ಡೊಖ್'. "ಇಲ್ವಾ?" ಎಂದು ಕೇಳಿದವರಿಗೆ "ಯಾಕಿಲ್ಲ, ಇದೆ" ಎನ್ನಲು ಅದು. ಇಂಗ್ಲಿಷಿನಲ್ಲಿ ಅಂಥ ಪದವಿಲ್ಲ, ಹಾಗಾಗಿ ಬಾಲವೇ ಗತಿ: "ನೋ, ಐ ಹ್ಯಾವಂಟ್". ಜೀವದ ಪ್ರಶ್ನೆಯಾದರೆ ಅದೂ ಸಾಲದು, "ಇಟ್ ಈಸ್ ಸ್ಟಿಲ್ ಆನ್" ಎಂದೇ ಹೇಳಬೇಕು. ಆಸ್ಪತ್ರೆಯಲ್ಲಿ "ಯು ಡೋಂಟ್ ಹ್ಯಾವ್ ಎನಿ ಅಲರ್ಜಿ?" ಎಂದು ಕೇಳಿದಾಗಲೂ ಅಷ್ಟೇ. ಅಲ್ಲಿ ಫಾರ್ವರ್ಡ್‌ನ ಸಲಹೆ ಸರಿ. ಸಂದರ್ಶನದಲ್ಲೂ ಸ್ವಲ್ಪ ಮಟ್ಟಿಗೆ ಸರಿ: ಹೊಸಪೇಟೆಯ ಹೋಟೆಲಿನ ಕೆಲಸಕ್ಕೆ ಹೋದವರು "ಯೆಸ್, ಐ ಹ್ಯಾವ್" ಅಂದ ಮೇಲೆ ಎಲ್ಲಿ, ಎಷ್ಟು ವರ್ಷ ಎಂದೂ ಸೇರಿಸಿದರೆ ಒಳ್ಳೆಯದು.

ಇನ್ನೊಂದು ಪ್ರಶ್ನೆ ಹಂಪಿ ಬಜಾರಿನ ವ್ಯಾಪಾರಿಗಳಿಗೆ, ಕಂಪ್ಲಿಯ ಹೊಳೆ ದಂಡೆಯವರಿಗೆ ಉಪಯೋಗಕ್ಕೆ ಬಂದೀತು: "ಡು ಯು ಮೈಂಡ್ ಇಫ್ ಐ ಟೇಕ್ ಎ ಫೋಟೊ?" ನಿಮ್ಮ ಒಪ್ಪಿಗೆ ಇದ್ದರೆ "ನೋ, ನಾಟ್ ಅಟ್ ಆಲ್" ಅನ್ನಿ. "ಯೆಸ್" ಅಂದರೆ ಬೇಡ ಎಂದರ್ಥ.