ಔಷಧಿಯೂ ಅಮಲಾದೀತು

ಗಾಂಜಾ, ಬ್ರೌನ್ ಶುಗರ್ ಎಂದರೆ ಬೆಚ್ಚಿಬೀಳುವ ತಂದೆತಾಯಂದಿರು, ಮಗನ ಚೀಲದಲ್ಲಿ ಕೆಮ್ಮಿನ ಸಿರಪ್ ಬಾಟಲಿ ಸಿಕ್ಕರೆ ‘ಪಾಪ, ಕೆಮ್ಮಿರಬೇಕು’ ಎಂದು ಸುಮ್ಮನಾಗುತ್ತಾರೆ. ಹುಡುಗರ ಲೆಕ್ಕಾಚಾರವೂ ಅದೇ: ಡಾಕ್ಟರೇ ಬರೆದುಕೊಡುವ ಔಷಧಿಯಿಂದ ಅಪಾಯವೇನು?

ರಸಾಯನಶಾಸ್ತ್ರ ಈ ಮಾತನ್ನು ಒಪ್ಪುವುದಿಲ್ಲ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೋಡೀನ್ ಅಫೀಮಿನಲ್ಲೇ ಇರುವ ವಸ್ತು. ದೇಹ ಸೇರಿದ ಮೇಲೆ ಯಕೃತ್ತು ಅದರ ಒಂದಂಶವನ್ನು ಮಾರ್ಫೀನ್ ಆಗಿ ಪರಿವರ್ತಿಸುತ್ತದೆ. ಎಷ್ಟು, ಎಷ್ಟು ಬೇಗ ಎಂಬುದು ಅವರವರ ವಂಶವಾಹಿಗೆ ಬಿಟ್ಟದ್ದು. ಗೆಳೆಯನಿಗೆ ಏನೂ ಮಾಡದ ಪ್ರಮಾಣ ಇನ್ನೊಬ್ಬನ ಉಸಿರನ್ನೇ ಕುಗ್ಗಿಸಬಹುದು. 12 ವರ್ಷದೊಳಗಿನ ಮಕ್ಕಳಿಗೆ ಕೋಡೀನ್ ಕೊಡಲೇಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ನೋವಿನ ಮಾತ್ರೆ ಟ್ರಮಡಾಲ್, ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್ ಕೂಡ ಚಟ ಹಿಡಿಸುವಂಥವೇ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರಲೆಂದು ಅಜ್ಜಿಯ ಮಾತ್ರೆ ನುಂಗುವುದರಿಂದಲೂ ಇದು ಶುರುವಾಗಬಹುದು. ದಿನ ಕಳೆದಂತೆ ದೇಹ ಒಗ್ಗಿಕೊಂಡು, ಅದೇ ಹಿತಕ್ಕೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಆದರೆ ಕೋಡೀನ್, ಟ್ರಮಡಾಲ್‌ಗಳಿಗೆ ಮಿದುಳಿನ ಉಸಿರಾಟದ ಕೇಂದ್ರ ಅಷ್ಟು ಬೇಗ ಒಗ್ಗುವುದಿಲ್ಲ. ಜೊತೆಗೆ ಆಲ್ಪ್ರಜೋಲಮ್ಮೋ ಮದ್ಯವೋ ಸೇರಿದರೆ ನಿದ್ರೆಯಲ್ಲೇ ಉಸಿರು ನಿಲ್ಲಬಹುದು.

ಕಾನೂನು ಇಲ್ಲವೆಂದಲ್ಲ. ಈ ಮೂರೂ ಎಚ್-1 ಪಟ್ಟಿಯಲ್ಲಿವೆ. ಇವನ್ನು ಮಾರುವ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ 2014ರ ಮಾರ್ಚ್‌ನಲ್ಲೇ ಜಾರಿಗೆ ಬಂತು. 2018ರಲ್ಲಿ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೂ ಸೇರಿತು. ಸರಿ, ಮನೆಯ ಬೀರುವಿನಲ್ಲಿ ಉಳಿದ ಅರ್ಧ ಸ್ಟ್ರಿಪ್‌ನ ಲೆಕ್ಕ ಯಾರು ಬರೆಯುತ್ತಾರೆ? ಅಂಕಪಟ್ಟಿ ನೋಡುವಷ್ಟು ಆಸಕ್ತಿಯಿಂದ ಔಷಧಿ ಡಬ್ಬಿ ನೋಡುವ ಪೋಷಕರನ್ನು ನಾನು ಕಂಡದ್ದು ಕಡಿಮೆ.

ಹಗಲಲ್ಲೇ ತೂಕಡಿಕೆ, ಸಾಸಿವೆಯಷ್ಟು ಕಿರಿದಾದ ಕಣ್ಣಪಾಪೆ, ಬಿಡದ ಮಲಬದ್ಧತೆ, ಬಚ್ಚಿಟ್ಟ ಖಾಲಿ ಬಾಟಲಿ ಕಂಡರೆ ಅನುಮಾನಿಸಿ. ಹೊಡೆದು ಬಡಿದು ಮಾತ್ರೆ ಕಿತ್ತುಕೊಳ್ಳಬೇಡಿ. ಬಹುಕಾಲ ಆಲ್ಪ್ರಜೋಲಮ್ ತೆಗೆದುಕೊಂಡವರಲ್ಲಿ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಉಸ್ತುವಾರಿಯಲ್ಲಿ ಮೆಲ್ಲಗೆ ಇಳಿಸಬೇಕು. ವ್ಯಸನಮುಕ್ತಿಯ ಸಲಹೆಗೆ 14446, ಮಾನಸಿಕ ನೆರವಿಗೆ ಟೆಲಿ-ಮಾನಸ್ 14416 ಇವೆ, ಕರೆ ಉಚಿತ.

ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದ್ದರೆ ಮಾತ್ರ ತಡಮಾಡದೆ 108ಕ್ಕೆ ಕರೆಮಾಡಿ. ಮರ್ಯಾದೆಗೆ ಅಂಜಿ ಸುಳ್ಳು ಹೇಳಬೇಡಿ. ನುಂಗಿದ ಮಾತ್ರೆಯ ಸ್ಟ್ರಿಪ್ಪನ್ನೂ ಆಸ್ಪತ್ರೆಗೆ ಒಯ್ಯಿರಿ.