ಬಾಡಿಗೆಗೆ ಕೊಟ್ಟ ಮನೆಯ ವಿಮೆ: ವರ್ಷಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ?

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯನನ್ನು ವೇದಿಕೆಗೆ ಕರೆದರೆ ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ನಾಲ್ಕು ಮಾತು ಕೇಳಬಹುದೆಂದು ತಾವು ನಿರೀಕ್ಷಿಸಿರುವುದು ಸಹಜ. ಆದರೆ ನಾವು ಇಂದು ಆರಿಸಿಕೊಂಡಿರುವುದು ಮನೆಯ ಆರೋಗ್ಯಕ್ಕೆ ಸಂಬಂಧಿಸಿದ ವಿಷಯ. ಪರ್ತ್‌ನಲ್ಲಿ ಕೊಂಡ ಮೊದಲ ಮನೆಯನ್ನು ಬಾಡಿಗೆಗೆ ಕೊಟ್ಟು ಉದ್ಯೋಗದ ನಿಮಿತ್ತ ಬ್ರಿಸ್ಬೇನಿಗೆ ಬಂದವರು, ಬ್ರಿಸ್ಬೇನಿನಲ್ಲಿ ಮನೆಯಿಟ್ಟುಕೊಂಡು ಅಡಿಲೇಡಿನಲ್ಲಿ ದುಡಿಯುತ್ತಿರುವವರು ನಮ್ಮ ನಡುವೆ ಅನೇಕರಿದ್ದಾರೆ. ಅಂಥವರಿಗೆ ವಿಮಾ ಕಂಪನಿಯಿಂದ ವರ್ಷಕ್ಕೊಮ್ಮೆ ನವೀಕರಣದ ಪತ್ರ ಬರುತ್ತದೆ. ಅದರಲ್ಲಿ ಎರಡು ಮೊತ್ತಗಳಿರುತ್ತವೆ: ಒಮ್ಮೆಗೇ ಕಟ್ಟಿದರೆ ಇಷ್ಟು, ತಿಂಗಳು ತಿಂಗಳು ಕಟ್ಟಿದರೆ ಇಷ್ಟು. ಈ ಎರಡು ಮೊತ್ತಗಳ ನಡುವಣ ಅಂತರದ ಅರ್ಥವೇನೆಂಬುದೇ ಇಂದಿನ ನಮ್ಮ ವಿಷಯ.

ಮೊದಲು ನಮ್ಮದೇ ಒಂದು ಅನುಭವವನ್ನು ನಿವೇದಿಸುತ್ತೇವೆ. ಅಡಿಲೇಡಿನಲ್ಲಿರುವ ನಮ್ಮ ಬಾಡಿಗೆ ಮನೆಯ ವಿಮೆಯನ್ನು ನಾವು ಬಹುಕಾಲ ಮಾಸಿಕ ಕಂತಿನಲ್ಲೇ ಕಟ್ಟುತ್ತಿದ್ದೆವು. ಒಂದು ವರ್ಷ ತಂದೆಯವರ ವರ್ಷಾಬ್ದಿಕಕ್ಕೆಂದು ಊರಿಗೆ ಹೋಗಿದ್ದಾಗ, ಅವಧಿ ಮುಗಿದ ನಮ್ಮ ಕ್ರೆಡಿಟ್ ಕಾರ್ಡಿಗೆ ಬದಲಾಗಿ ಬ್ಯಾಂಕು ಹೊಸದನ್ನು ಕಳುಹಿಸಿತ್ತು. ಹೊಸ ಸಂಖ್ಯೆಯನ್ನು ವಿಮಾ ಕಂಪನಿಗೆ ತಿಳಿಸಲು ನಾವು ಮರೆತೆವು. 3ನೆಯ ತಾರೀಖಿನ ಕಂತು ಸಂದಾಯವಾಗಲಿಲ್ಲ. 12ನೆಯ ತಾರೀಖು ಅಡುಗೆಮನೆಯ ಸಿಂಕಿನ ಕೆಳಗಿನ ನೀರಿನ ಕೊಳವೆ ಒಡೆದು ಮರದ ನೆಲವೆಲ್ಲ ಉಬ್ಬಿಹೋಯಿತು. ಪರಿಹಾರ ಕೋರಿದಾಗ ಕಂಪನಿಯವರು ಮೊದಲು ಎತ್ತಿದ ಪ್ರಶ್ನೆಯೇ ಬಾಕಿ ಕಂತಿನದು. ಕಂತು ತಪ್ಪಿ ಹದಿನಾಲ್ಕು ದಿನ ತುಂಬಿರಲಿಲ್ಲವಾದ್ದರಿಂದ ನಾವು ಬಚಾವಾದೆವು. ಅದೇ ಕೊಳವೆ ಇನ್ನೊಂದು ವಾರ ತಾಳಿಕೊಂಡು ಒಡೆದಿದ್ದರೆ ದುರಸ್ತಿಯ ಖರ್ಚೆಲ್ಲ ನಮ್ಮ ತಲೆಯ ಮೇಲೆಯೇ ಬೀಳುವ ಸಾಧ್ಯತೆಯಿತ್ತು.

ಈ ಹದಿನಾಲ್ಕು ದಿನಗಳ ಲೆಕ್ಕ 1984ರ ವಿಮಾ ಕರಾರು ಕಾಯಿದೆಯಿಂದ ಬಂದದ್ದು. ಇದು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರದ ಕಾಯಿದೆಯಾದ್ದರಿಂದ ಮೂರು ನಗರಗಳಿಗೂ ಅನ್ವಯಿಸುತ್ತದೆ. ಕರಾರಿಗೆ ಮುಂಚೆಯೇ ಲಿಖಿತವಾಗಿ ಸ್ಪಷ್ಟಪಡಿಸಿದ್ದರೆ, ಕಂತೊಂದು ಕನಿಷ್ಠ ಹದಿನಾಲ್ಕು ದಿನ ಬಾಕಿ ಉಳಿದಾಗ ಕಂಪನಿಯು ಪರಿಹಾರವನ್ನು ನಿರಾಕರಿಸಬಹುದು. ಕನಿಷ್ಠ ಒಂದು ತಿಂಗಳು ಬಾಕಿ ಉಳಿದರೆ, ಪಾಲಿಸಿಯಲ್ಲಿ ಅಂಥ ಷರತ್ತಿದ್ದಲ್ಲಿ, ಪಾಲಿಸಿಯನ್ನೇ ರದ್ದುಪಡಿಸಬಹುದು. ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದವರಿಗೆ ಆ ವರ್ಷದ ಮಟ್ಟಿಗೆ ಈ ಚಿಂತೆಯಿಲ್ಲ. ನಮ್ಮ ಹಿರಿಯರಿಗೆ ಇಂಥ ನಿಯಮ ಹೊಸದಲ್ಲ. ಎಲ್.ಐ.ಸಿ. ಪಾಲಿಸಿಯಲ್ಲಿಯೂ ವಾರ್ಷಿಕ ಕಂತಿಗೆ ಒಂದು ತಿಂಗಳ ರಿಯಾಯಿತಿ ಅವಧಿಯಿದ್ದರೆ, ಮಾಸಿಕ ಕಂತಿಗೆ ಹದಿನೈದೇ ದಿನ.

ಇನ್ನು ಹಣದ ಲೆಕ್ಕ. ಉದಾಹರಣೆಗೆ, ವಾರ್ಷಿಕ ಮೊತ್ತ 1,200 ಡಾಲರ್ ಎಂದೂ ಮಾಸಿಕ ಕಂತು 110 ಡಾಲರ್ ಎಂದೂ ಇಟ್ಟುಕೊಳ್ಳೋಣ. ಹನ್ನೆರಡು ಕಂತು ಸೇರಿ 1,320 ಆಗುತ್ತದೆ. ಹೆಚ್ಚುವರಿ 120 ಡಾಲರ್, ಅಂದರೆ ಶೇಕಡಾ ಹತ್ತು. ಅನುಕೂಲಕ್ಕೆ ತೆರುವ ಬೆಲೆ ಅಷ್ಟೇ ತಾನೇ ಎಂದು ಅನೇಕರು ಸುಮ್ಮನಾಗುತ್ತಾರೆ. ಆದರೆ ಮೊದಲ ದಿನವೇ ನಾವು 110 ಡಾಲರ್ ಕೊಟ್ಟಿರುತ್ತೇವೆ. ಆದ್ದರಿಂದ ಕಂಪನಿಯಿಂದ ಸಾಲ ಪಡೆದಂತಾಗಿರುವುದು 1,090 ಡಾಲರ್ ಮಾತ್ರ. ಆ ಸಾಲವೂ ಪ್ರತಿ ತಿಂಗಳು ಇಳಿಯುತ್ತ ಹನ್ನೊಂದು ತಿಂಗಳಲ್ಲಿ ತೀರಿಹೋಗುತ್ತದೆ. ಹೀಗೆ ಇಳಿಯುತ್ತಿರುವ ಸಾಲದ ಮೇಲೆ 120 ಡಾಲರ್ ತೆತ್ತರೆ, ಅದು ವರ್ಷಕ್ಕೆ ಸುಮಾರು ಶೇಕಡಾ 21ರ ಬಡ್ಡಿಗೆ ಸಮ! ಹಣವನ್ನು ಗೃಹಸಾಲದ ಆಫ್‌ಸೆಟ್ ಖಾತೆಯಲ್ಲೇ ಇಟ್ಟುಕೊಂಡು ತಿಂಗಳು ತಿಂಗಳು ಕಟ್ಟಿದರೆ ಲಾಭವಲ್ಲವೇ ಎಂದು ಕೆಲವು ಮಿತ್ರರು ಕೇಳುತ್ತಾರೆ. ಶೇಕಡಾ 6ರ ಸಾಲದಲ್ಲಿ ಹೀಗೆ ಉಳಿಯುವ ಬಡ್ಡಿ ಸುಮಾರು 30 ಡಾಲರ್. ಅದಕ್ಕಾಗಿ 120 ಡಾಲರ್ ತೆರುವುದು ವಿವೇಕವೆನಿಸದು. ಹನಿಗೂಡಿದರೆ ಹಳ್ಳವೆಂಬ ಗಾದೆ ಉಳಿತಾಯಕ್ಕೆ ಸಲ್ಲುವಂತೆ ಸೋರಿಕೆಗೂ ಸಲ್ಲುತ್ತದೆ.

ಎಲ್ಲ ಕಂಪನಿಗಳೂ ಹೆಚ್ಚುವರಿ ಕೇಳುವುದಿಲ್ಲವೆಂಬುದನ್ನೂ ಹೇಳಬೇಕು. ಹನ್ನೆರಡು ಕಂತುಗಳ ಮೊತ್ತ ವಾರ್ಷಿಕ ಮೊತ್ತಕ್ಕೆ ಸರಿಸಮನಾಗಿದ್ದರೆ ಮಾಸಿಕ ಪಾವತಿಯಿಂದ ಹಣದ ನಷ್ಟವಿಲ್ಲ. ಆದ್ದರಿಂದ ಪತ್ರ ಬಂದ ಕೂಡಲೇ ಕಂತನ್ನು ಹನ್ನೆರಡರಿಂದ ಗುಣಿಸಿ ನೋಡಿರಿ. ಹೋಲಿಸುವಾಗ ತೆರಿಗೆಗಳೆಲ್ಲ ಸೇರಿದ ಕೊನೆಯ ಮೊತ್ತವನ್ನೇ ಹಿಡಿಯಬೇಕು. ಮೂಲ ಪ್ರೀಮಿಯಂ 1,000 ಡಾಲರ್ ಇದ್ದರೆ ಶೇಕಡಾ 10ರ ಜಿ.ಎಸ್.ಟಿ. ಸೇರಿ 1,100 ಆಗುತ್ತದೆ. ಅದರ ಮೇಲೆ ರಾಜ್ಯದ ಸ್ಟ್ಯಾಂಪ್ ಸುಂಕವು ಕ್ವೀನ್ಸ್‌ಲ್ಯಾಂಡಿನಲ್ಲಿ ಶೇಕಡಾ 9, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 10, ದಕ್ಷಿಣ ಆಸ್ಟ್ರೇಲಿಯಾದಲ್ಲಿ 11. ಹೀಗಾಗಿ ಒಂದೇ ಮೂಲ ಪ್ರೀಮಿಯಮ್ಮಿಗೆ ಬ್ರಿಸ್ಬೇನಿನಲ್ಲಿ 1,199, ಪರ್ತ್‌ನಲ್ಲಿ 1,210, ಅಡಿಲೇಡಿನಲ್ಲಿ 1,221 ಡಾಲರ್ ಬೀಳುತ್ತದೆ.

ಆದಾಯ ತೆರಿಗೆಯ ವಿಚಾರವೂ ಇದೆ. ಬಾಡಿಗೆಗೆ ಕೊಟ್ಟ ಮನೆಯ ವಿಮೆಯ ಖರ್ಚನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. ಹಣಕಾಸಿನ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ವ್ಯಕ್ತಿಯ ಹೆಸರಿನಲ್ಲಿರುವ ಮನೆಗೆ ಜೂನ್‌ನಲ್ಲಿ ಮುಂದಿನ ಹನ್ನೆರಡು ತಿಂಗಳ ಪ್ರೀಮಿಯಂ ಕಟ್ಟಿದರೆ, ವಿಮೆಯ ಅವಧಿ ಮುಂದಿನ ಹಣಕಾಸಿನ ವರ್ಷದೊಳಗೆ ಮುಗಿಯುವಂತಿದ್ದಲ್ಲಿ, ಸಾಮಾನ್ಯವಾಗಿ ಇಡೀ ಮೊತ್ತವನ್ನು ಈ ವರ್ಷವೇ ತೋರಿಸಬಹುದು. ವರ್ಷದ ನಡುವೆ ಮನೆ ಮಾರಿದರೆ ಕಟ್ಟಿದ ಹಣವೆಲ್ಲ ಹೋಯಿತೆಂದು ಅಂಜಬೇಕಾಗಿಲ್ಲ. ಪಾಲಿಸಿ ರದ್ದುಮಾಡಿಸಿದಾಗ ಉಳಿದ ಅವಧಿಯ ಪ್ರೀಮಿಯಂ, ಶುಲ್ಕ ಕಳೆದು, ಸಾಮಾನ್ಯವಾಗಿ ಮರಳಿ ಬರುತ್ತದೆ.

ಪಾಲಿಸಿ ಒಮ್ಮೆ ಕಡಿದುಹೋದರೆ ಮತ್ತೆ ಕೊಂಡರಾಯಿತೆಂಬ ಧೈರ್ಯ ಈ ದೇಶದಲ್ಲಿ ಸಲ್ಲದು. ಪರ್ತ್ 2010ರ ಮಾರ್ಚ್ 22ರಂದು ಆಲಿಕಲ್ಲಿನ ಮಳೆಯನ್ನು ಕಂಡಿತು. ಬ್ರಿಸ್ಬೇನ್ ನದಿ 1974, 2011 ಮತ್ತು 2022ರಲ್ಲಿ ಊರೊಳಗೆ ನುಗ್ಗಿತು. ಅಡಿಲೇಡಿನ ಬೆಟ್ಟಸಾಲಿನಲ್ಲಿ 1983ರ ಫೆಬ್ರವರಿಯಲ್ಲೂ 2019ರ ಡಿಸೆಂಬರಿನಲ್ಲೂ ಕಾಳ್ಗಿಚ್ಚು ಮನೆಗಳನ್ನು ಸುಟ್ಟಿತು. ಹೊಸ ಪಾಲಿಸಿಗಳಲ್ಲಿ ಮೊದಲ 48 ಅಥವಾ 72 ಗಂಟೆಗಳಲ್ಲಿ ಆಗುವ ನೆರೆ, ಕಾಳ್ಗಿಚ್ಚು, ಚಂಡಮಾರುತಗಳ ಹಾನಿಗೆ ಸಾಮಾನ್ಯವಾಗಿ ಪರಿಹಾರವಿರುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವೇನು?

ವಾರ್ಷಿಕವಾಗಿ ಕಟ್ಟುವವರಿಗೂ ಒಂದು ಎಚ್ಚರಿಕೆ. ಅವಧಿ ಮುಗಿಯುವುದಕ್ಕೆ ಕನಿಷ್ಠ ಹದಿನಾಲ್ಕು ದಿನ ಮುಂಚೆ ಕಂಪನಿಯು ಲಿಖಿತ ತಿಳಿವಳಿಕೆ ಕೊಡಬೇಕೆಂಬುದು ನಿಯಮ. ಆ ಎರಡು ವಾರಗಳನ್ನು ಪತ್ರವನ್ನು ಓದುವುದಕ್ಕೆ ಬಳಸಿರಿ. ನೆರೆಯ ರಕ್ಷಣೆ ಸೇರಿದೆಯೇ, ಬಾಡಿಗೆ ನಿಂತರೆ ಎಷ್ಟು ವಾರದ ನಷ್ಟ ತುಂಬಿಕೊಡುತ್ತಾರೆ, ನಾವು ಭರಿಸಬೇಕಾದ ಮೊದಲ ಪಾಲು ಎಷ್ಟು ಎಂಬುದನ್ನು ಪರಿಶೀಲಿಸಿರಿ. 2011ರ ನೆರೆಯ ತರುವಾಯ ಬ್ರಿಸ್ಬೇನಿನ ಎಷ್ಟೋ ಮನೆಯವರಿಗೆ ತಮ್ಮ ಪಾಲಿಸಿ ಮಳೆಯ ನೀರಿಗೆ ಮಾತ್ರ, ನದಿಯ ನೀರಿಗಲ್ಲವೆಂಬುದು ಆಗಲೇ ತಿಳಿದದ್ದು. ಆ ಗೊಂದಲದ ಫಲವಾಗಿ ‘ನೆರೆ’ ಎಂಬುದಕ್ಕೆ 2012ರಲ್ಲಿ ಒಂದೇ ವ್ಯಾಖ್ಯೆಯನ್ನು ನಿಯಮದಲ್ಲಿ ಸೇರಿಸಲಾಯಿತು. ವ್ಯಾಖ್ಯೆ ಒಂದಾದರೂ ಆ ರಕ್ಷಣೆ ನಿಮ್ಮ ಪಾಲಿಸಿಯಲ್ಲಿದೆಯೇ ಎಂದು ನೀವೇ ನೋಡಿಕೊಳ್ಳಬೇಕು.

ಕೊನೆಯದಾಗಿ, ಹೊಸದಾಗಿ ಬಂದು ನೆಲೆಯೂರುತ್ತಿರುವ ಕಿರಿಯ ದಂಪತಿಗಳಿಗೆ ಒಂದು ಮಾತು. ಒಮ್ಮೆಗೇ ಸಾವಿರ ಡಾಲರ್ ತೆಗೆದಿಡುವುದು ಎಲ್ಲರಿಗೂ ಸಾಧ್ಯವಿಲ್ಲ. ನಮಗೂ ಮೊದಲ ವರ್ಷಗಳಲ್ಲಿ ಸಾಧ್ಯವಿರಲಿಲ್ಲ. ವಿಮೆಯೇ ಇಲ್ಲದಿರುವುದಕ್ಕಿಂತ ಮಾಸಿಕ ಕಂತು ಸಾವಿರ ಪಾಲು ಮೇಲು. ಆದರೆ ಕಂತನ್ನು ಕಾರ್ಡಿಗೆ ಜೋಡಿಸದೆ ಸಂಬಳ ಬರುವ ಬ್ಯಾಂಕ್ ಖಾತೆಗೆ ಜೋಡಿಸಿರಿ, ವಿಳಾಸ ಬದಲಾದರೆ ತಿಳಿಸಿರಿ, ಪ್ರತಿ ತಿಂಗಳೂ ಹಣ ಸಂದಾಯವಾಗಿದೆಯೇ ಎಂದು ನೋಡಿರಿ. ಜೊತೆಗೆ ತಿಂಗಳಿಗೆ ಇಷ್ಟೆಂದು ಬೇರೆ ತೆಗೆದಿಡುತ್ತ ಬಂದರೆ, ಮುಂದಿನ ನವೀಕರಣದ ಹೊತ್ತಿಗೆ ವಾರ್ಷಿಕ ಪಾವತಿಗೆ ದಾರಿಯಾಗುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ಎರಡು ದಿನ ಬಿಟ್ಟರೆ ರೋಗಿಗೆ ಏನೂ ಅನ್ನಿಸದಿರಬಹುದು. ಅಪಾಯ ಮಾತ್ರ ಒಳಗೇ ಬೆಳೆಯುತ್ತಿರುತ್ತದೆ. ತಪ್ಪಿದ ಕಂತೂ ಹಾಗೆಯೇ. ಇಂದು ಮನೆಗೆ ಹೋದ ಮೇಲೆ ನಿಮ್ಮ ಪಾಲಿಸಿಯ ಕಾಗದವನ್ನೊಮ್ಮೆ ತೆರೆದು ನೋಡಿದರೆ ನಮ್ಮ ಮಾತು ಸಾರ್ಥಕವಾಯಿತೆಂದು ಭಾವಿಸುತ್ತೇವೆ.